ಮುಂದೇನಾತ್ರೀ?

ಧಾರಾವಾಹಿ ಓದುವ ಚಟವುಳ್ಳವರಿಗೆ ‘ಮುಂದಿನ ಸಂಚಿಕೆಗೆ’ ಎಂಬ ಎರಡು ಪದಗಳ ಹಿಂಸೆ ಚೆನ್ನಾಗಿ ಗೊತ್ತು. ನಾಯಕಿ ಬಾಗಿಲು ತೆರೆಯುತ್ತಾಳೆ. ಹೊರಗೆ ನಿಂತವರು ಯಾರೆಂದು ತಿಳಿಯಲು ಏಳು ದಿನ ಕಾಯಬೇಕು. ಶಪಿಸುತ್ತಲೇ ಕಾಯುತ್ತೇವೆ. ಮುಂದಿನ ವಾರ ಪತ್ರಿಕೆಯೂ ಬರುತ್ತದೆ, ಓದಲು ನಾವೂ ಇರುತ್ತೇವೆ ಎಂಬ ಭರವಸೆ ನಮಗೆ. ಈ ಭರವಸೆ ಎಂತಹ ಐಶ್ವರ್ಯವೆಂಬುದು ನನಗೆ ಅರಿವಾದದ್ದು ಹುಬ್ಬಳ್ಳಿಯ ಆಸ್ಪತ್ರೆಯೊಂದರ ಮಕ್ಕಳ ವಾರ್ಡಿನಲ್ಲಿ.

ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ, ನಮ್ಮ ಕಡೆಯ ಯಾವ ಊರಿನ ಮಗುವಿಗೆ ದೊಡ್ಡ ರೋಗ ಬಂದರೂ ದಾರಿ ಮೊದಲು ಹುಬ್ಬಳ್ಳಿಗೆ. ಅಲ್ಲಿಯೂ ಬಗೆಹರಿಯದಿದ್ದರೆ ರಾತ್ರಿಯ ರೈಲಿನಲ್ಲಿ ಬೆಂಗಳೂರಿಗೆ. ಅಣ್ಣಿಗೇರಿ ಸೀಮೆಯ ನಮ್ಮ ದೂರದ ನೆಂಟರ ಹುಡುಗನೊಬ್ಬ ರಕ್ತದ ಕ್ಯಾನ್ಸರಿನಿಂದ ಆ ವಾರ್ಡಿನಲ್ಲಿ ಮಲಗಿದ್ದ. ಪಕ್ಕದಲ್ಲಿ ಅವನ ಅಜ್ಜಿ. ಕಾಲೇಜಿನಲ್ಲಿ ಜಾನಪದ ಬೋಧಿಸುವವನೆಂಬ ಹಮ್ಮಿನಿಂದ, ‘ಕಥೆ ಹೇಳಲೇನಪ್ಪಾ?’ ಎಂದೆ. ಹುಡುಗ ಗೋಡೆಯತ್ತ ಹೊರಳಿದ. ಗೋಡೆಗೇ ಹೇಳಿದಂತಾದರೂ ಆಗಲೆಂದು ಆರಂಭಿಸಿದೆ. ತಾಯಿಯ ಕಾಯಿಲೆಗೆ ಮದ್ದಿನ ಹೂವು ತರಲು ಏಳು ಸಮುದ್ರ ದಾಟಹೊರಟ ರಾಜಕುಮಾರನ ಕಥೆ.

ಆ ಹೂವನ್ನು ನಾನು ಸುಮ್ಮನೆ ಆರಿಸಿರಲಿಲ್ಲ. ಹುಡುಗನಿಗೆ ಕೊಡುತ್ತಿದ್ದ ವಿನ್‌ಕ್ರಿಸ್ಟಿನ್ ಎಂಬ ಔಷಧವು ನಿತ್ಯಪುಷ್ಪದ ಗಿಡದಿಂದ ಬರುವುದೆಂದು ಅಲ್ಲಿಯ ತರುಣ ವೈದ್ಯರು ಆಗಷ್ಟೇ ವಿವರಿಸಿದ್ದರು. ಕೆಲವರು ಕಾಶಿ ಕಣಗಿಲೆ ಎನ್ನುವ, ಹಿತ್ತಲಲ್ಲಿ ನೀರು ಹಾಕದಿದ್ದರೂ ಅರಳುವ ಅದೇ ಹೂವು. ಅದರ ತವರು ಸಮುದ್ರದಾಚೆಯ ಮಡಗಾಸ್ಕರ್ ದ್ವೀಪ. ಈ ಔಷಧಕ್ಕೆ ಅಮೆರಿಕದಲ್ಲಿ ಒಪ್ಪಿಗೆ ದೊರೆತದ್ದು 1963ರಲ್ಲಿ. ಅದಕ್ಕೂ ಹಿಂದೆ ಈ ಬಗೆಯ ರೋಗ ತಗುಲಿದ ಮಗು ಉಳಿಯುವುದೇ ಅಪರೂಪವಾಗಿತ್ತು; ಇಂದು ಹಲವು ಔಷಧಗಳನ್ನು ಕೂಡಿಸಿ, ಎರಡು ಮೂರು ವರ್ಷ ಅರ್ಧಕ್ಕೆ ಬಿಡದೆ ಚಿಕಿತ್ಸೆ ನಡೆಸಿದರೆ ಬಹುಮಂದಿ ಮಕ್ಕಳು ಗುಣ ಹೊಂದುತ್ತಾರೆ. (ಹಾಗೆಂದು ಯಾರೂ ಆ ಗಿಡವನ್ನು ಅರೆದು ಕುಡಿಸಬಾರದು, ಅದು ವಿಷ.)

ರಾಜಕುಮಾರ ಮೂರನೆಯ ಸಮುದ್ರದ ನಡುವೆ ಇದ್ದಾಗ ನಿಲ್ಲಿಸಿದೆ. ಗೋಡೆಯ ಕಡೆಯಿಂದ ಸಣ್ಣ ದನಿ ಬಂತು: ‘ಮುಂದೇನಾತ್ರೀ?’

‘ಅದು ನಾಳೆಗೆ’ ಎಂದೆ. ಹುಡುಗನಿಗೊಂದು ನಾಳೆಯನ್ನು ಕೊಟ್ಟೆನೆಂದು ಒಳಗೊಳಗೇ ಬೀಗಿದೆ.

ಅಜ್ಜಿ ನನ್ನನ್ನು ಪಡಸಾಲೆಗೆ ಕರೆದಳು. ‘ಸರ, ನೀವು ಕಲಿತಾವ್ರು. ಆದ್ರ ಇಲ್ಲಿ ಕಥಿ ಅರ್ಧಾ ಬಿಡಬ್ಯಾಡ್ರಿ. ಮೊನ್ನಿ ಆ ಮೂಲಿ ಹಾಸಿಗಿ ಖಾಲಿ ಆತು.’

ನನ್ನ ಎಂ.ಎ. ಪದವಿಯಲ್ಲಿ ಇದಕ್ಕೆ ಉತ್ತರವಿರಲಿಲ್ಲ.

ಕಥೆಯಿಂದ ರೋಗ ಹೋಗುವುದೇ? ಇಲ್ಲ, ಹೋಗುತ್ತದೆ ಎನ್ನುವವರನ್ನು ನಂಬಬೇಡಿ. ಆದರೆ ಏನೂ ಆಗುವುದಿಲ್ಲ ಎನ್ನುವುದೂ ತಪ್ಪು. ಬ್ರೆಜಿಲ್ ದೇಶದ ಸಂಶೋಧಕರು 2021ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ತೀವ್ರ ನಿಗಾ ಘಟಕದಲ್ಲಿದ್ದ 81 ಮಕ್ಕಳಲ್ಲಿ ಕೆಲವರಿಗೆ ಅರ್ಧ ಗಂಟೆಯಷ್ಟು ಕಥೆ, ಉಳಿದವರಿಗೆ ಅಷ್ಟೇ ಹೊತ್ತು ಒಗಟು ಹೇಳಿದರು. ಜೊಲ್ಲನ್ನು ಪರೀಕ್ಷಿಸಿ ನೋಡಿದರೆ ಎರಡೂ ಗುಂಪುಗಳಿಗೆ ಹಿತವಾಗಿತ್ತು; ಕಥೆ ಕೇಳಿದವರಲ್ಲಿ ಆತಂಕದ ರಸ ಇನ್ನೂ ಹೆಚ್ಚು ಇಳಿದಿತ್ತು, ನೋವೂ ಹೆಚ್ಚು ತಗ್ಗಿತ್ತು. ನನಗೆ ಹಿಡಿಸಿದ್ದು ಬೇರೆಯ ಸಂಗತಿ. ದಾದಿಯ ಚಿತ್ರ ತೋರಿಸಿದಾಗ, ಒಗಟಿನ ಗುಂಪಿನಲ್ಲಿ ಆಕೆ ಸೂಜಿ ಚುಚ್ಚುವ ಕೆಟ್ಟ ಹೆಂಗಸು. ಕಥೆಯ ಗುಂಪಿನಲ್ಲಿ ವಾಸಿಮಾಡಲು ಬರುವವಳು.

ಮರುದಿನ ಸಂಜೆ ಉಳಿದ ನಾಲ್ಕು ಸಮುದ್ರಗಳನ್ನು ಸಿದ್ಧಪಡಿಸಿಕೊಂಡು ಹೋದೆ. ಹಾಸಿಗೆ ಖಾಲಿ. ದಾದಿ, ‘ರಾತ್ರಿನ ಬೆಂಗಳೂರಿಗೆ ಕರ್ಕೊಂಡು ಹೋದ್ರು’ ಎನ್ನುವವರೆಗಿನ ಕ್ಷಣಗಳನ್ನು ಬರೆಯಲಾರೆ.

ಎ.ಕೆ. ರಾಮಾನುಜನ್ ಸಂಗ್ರಹಿಸಿದ ಕನ್ನಡ ಜನಪದ ಕಥೆಯೊಂದಿದೆ. ಹೆಂಗಸೊಬ್ಬಳಿಗೆ ಒಂದು ಕಥೆ, ಒಂದು ಹಾಡು ಗೊತ್ತು, ಯಾರಿಗೂ ಹೇಳಳು. ಉಸಿರುಗಟ್ಟಿದ ಅವೆರಡೂ ಆಕೆ ಮಲಗಿದ್ದಾಗ ಹೊರಬಿದ್ದು, ಜೋಡೂ ಕೋಟೂ ಆಗಿ ಬಾಗಿಲಲ್ಲಿ ಕಾಣಿಸಿಕೊಂಡು ಅವಳ ಸಂಸಾರಕ್ಕೇ ಬೆಂಕಿಯಿಡುತ್ತವೆ. ತರಗತಿಯಲ್ಲಿ ಎಷ್ಟೋ ಸಲ ನಗುನಗುತ್ತ ಹೇಳಿದ ಕಥೆ ಇದು. ಈಗ ಆ ಜೋಡು ನನ್ನ ಬಾಗಿಲಲ್ಲಿತ್ತು. ಮೂರನೆಯ ಸಮುದ್ರದಲ್ಲಿ ನಾನು ಬಿಟ್ಟುಬಂದ ರಾಜಕುಮಾರ ವಾರಗಟ್ಟಲೆ ನಿದ್ರೆ ಕೊಡಲಿಲ್ಲ.

ತಿಂಗಳ ಮೇಲೆ ಬೆಂಗಳೂರಿನಿಂದ ಫೋನು ಬಂತು. ಹುಡುಗನ ದನಿ. ಔಷಧದ ದೆಸೆಯಿಂದ ತಲೆಗೂದಲು ಉದುರಿದ್ದನ್ನು ಮೊದಲು ವರದಿಮಾಡಿದ. ನಾನು ಕಥೆಯ ಮಾತೆತ್ತಿದೆ.

‘ಅದು ಮುಗೀತ್ರಿ. ರೈಲು ಹಾವೇರಿ ದಾಟೂದ್ರಾಗ ಅಜ್ಜಿ ಮುಗಿಸ್ಯಾಳ. ಏಳೂ ಸಮುದ್ರ ದಾಟಿದ್ರೂ ಹೂವು ಸಿಗಲಿಲ್ಲಂತ. ತಿರುಗಿ ಬಂದು ನೋಡ್ತಾನ, ಅವ್ರ ಹಿತ್ತಲದಾಗ ಐತಂತ. ಬ್ಯಾರೇದು ಹೇಳ್ರಿ. ಪೂರಾ ಹೇಳ್ರಿ ಮತ್ತ, ಅಜ್ಜಿ ಬೈತಾಳ.’

ಕಾಗಕ್ಕ ಗುಬ್ಬಕ್ಕನ ಕಥೆಯನ್ನು ಹೇಳಿ, ಎಲ್ಲಿಯೂ ನಿಲ್ಲಿಸದೆ, ಪೂರ್ತಿ ಮುಗಿಸಿದೆ. ಆ ಕಡೆ ಸ್ವಲ್ಪ ಹೊತ್ತು ಮೌನ. ಬಳಿಕ, ಅಜ್ಜಿಗೆ ಕೇಳಿಸಬಾರದೆಂಬಂತೆ ಮೆಲ್ಲಗೆ ಕೇಳಿದ:

‘ಮರುದಿನ ಗುಬ್ಬಕ್ಕನ ಮನಿಗೆ ಮತ್ತ ಯಾರ್ ಬಂದ್ರೀ?’