ಹಸುರು ಪಾರಿವಾಳ ಮತ್ತು ಅರಳಿಕಟ್ಟೆ

ದೊಡ್ಡನೆಕ್ಕುಂದಿಯ ಬಹುಮಹಡಿ ಮನೆಗಳ ಕಿಟಕಿಗಳಲ್ಲಿ ಗುಟುರುವ ಬೂದುಬಣ್ಣದ ಪಾರಿವಾಳಗಳನ್ನು ದಿನವೂ ಕಾಣುವ ನಮಗೆ, ಅದೇ ಕುಲಕ್ಕೆ ಸೇರಿಯೂ ನಾವೆರಚುವ ಕಾಳಿಗೆ ಆಸೆಪಡದ, ನೆಲಕ್ಕಿಳಿಯುವುದೇ ಅಪರೂಪವಾದ ಇನ್ನೊಂದು ಹಕ್ಕಿ ಈ ಬೆಂಗಳೂರಿನ ಹಳೆಯ ಮರಗಳಲ್ಲಿ ಬಾಳುತ್ತಿದೆಯೆಂದರೆ ನಂಬುವುದು ಕಷ್ಟವಾದೀತು. ಹಳದಿ ಕಾಲಿನ ಹಸುರು ಪಾರಿವಾಳವೆಂದು ಅದರ ಹೆಸರು. ನೆರೆಯ ಮಹಾರಾಷ್ಟ್ರಕ್ಕೆ ಅದು ರಾಜ್ಯಪಕ್ಷಿ. ಬೂದು ಶಿರಸ್ಸು, ಹೊಂಬಣ್ಣ ಬೆರೆತ ಹಸುರು ಕಂಠ, ಭುಜದ ಮೇಲೊಂದು ನೇರಳೆಯ ಛಾಯೆ: ಇಷ್ಟೆಲ್ಲ ವರ್ಣವೈಭವವಿದ್ದೂ ಎಲೆಗಳ ನಡುವೆ ಅದು ಎಂತಹ ಪರಿಯಲ್ಲಿ ಲೀನವಾಗುವುದೆಂದರೆ, ಮರದ ತುಂಬ ಹಿಂಡು ಕುಳಿತಿದ್ದರೂ ಕೆಳಗೆ ನಿಂತವನಿಗೆ ಉದುರುವ ಹಣ್ಣಿನ ಚೂರುಗಳೂ ಸಿಳ್ಳೆಯಂತಹ ಇಂಪಾದ ದನಿಯೂ ಅಲ್ಲದೆ ಬೇರೇನೂ ಗೋಚರಿಸದು.

ಆಲ, ಅರಳಿ, ಅತ್ತಿ, ಗೋಣಿ, ಬಸರಿಗಳ ಹಣ್ಣೇ ಅದಕ್ಕೆ ಮುಖ್ಯ ಆಹಾರ. ಈ ಮರಗಳ ಹೂಗಳು ಕಾಯಿಯೊಳಗೇ ಅಡಗಿದ್ದು, ಅವುಗಳ ಪರಾಗಸ್ಪರ್ಶ ನಡೆಯುವುದು ಆ ಕಾಯಿಯಲ್ಲೇ ಹುಟ್ಟಿ ಕೆಲವೇ ದಿನ ಬದುಕುವ ಸೂಕ್ಷ್ಮ ಕಣಜಗಳಿಂದ. ಆ ಅಲ್ಪಾಯುಷಿಗಳಿಗೆ ಸದಾ ಎಲ್ಲಾದರೊಂದು ಎಳೆಗಾಯಿ ಸಿಗಬೇಕಾದುದರಿಂದ ಮರಗಳೆಲ್ಲ ಏಕಕಾಲಕ್ಕೆ ಫಲ ಬಿಡದೆ, ಒಂದರ ಹಿಂದೊಂದರಂತೆ ವರ್ಷವಿಡೀ ಸರದಿ ನಡೆಸುತ್ತವೆ. ಹಕ್ಕಿಯ ಹಿಂಡು ಆ ಸರದಿಯನ್ನೇ ಹಿಂಬಾಲಿಸಿ ಅಲೆಯುತ್ತದೆ. ಒಂದು ಮರ ಅದಕ್ಕೆ ಸಾಲದು. ಹಲಸೂರಿನಿಂದ ಕೃಷ್ಣರಾಜಪುರದವರೆಗೆ ಮರಗಳ ಸರಣಿಯೇ ಬೇಕು. ಇಲ್ಲೊಂದು ಸತ್ಯವನ್ನು ಮರೆಮಾಡಲಾರೆ: ಕಾಗೆ, ಕುಟ್ರ, ಬಾವಲಿಗಳಂತೆ ಬೀಜವನ್ನು ಇಡಿಯಾಗಿ ಸಾಗಿಸದೆ, ಹಸುರು ಪಾರಿವಾಳ ಅದನ್ನು ತನ್ನ ಗಟ್ಟಿ ಜಠರದಲ್ಲಿ ಅರೆದುಬಿಡುತ್ತದೆ. ತನ್ನ ಮರವನ್ನು ತಾನೇ ಬಿತ್ತಿಕೊಳ್ಳಲಾರದ ಈ ಪ್ರಾಣಿ ಅನ್ಯರನ್ನು, ಈಗ ನಮ್ಮನ್ನು, ನೆಚ್ಚಿಕೊಂಡಿದೆ.

1972ರ ವನ್ಯಜೀವಿ ಕಾಯಿದೆ ಹಕ್ಕಿಯನ್ನು ಕಾಯುತ್ತದೆ. 1976ರ ಕರ್ನಾಟಕ ಮರಗಳ ಸಂರಕ್ಷಣಾ ಕಾಯಿದೆ ಕಡಿದ ಮರಕ್ಕೆ ಪ್ರತಿಯಾಗಿ ಸಸಿ ನೆಡಿಸುತ್ತದೆ. ಆದರೆ ಹೊರವರ್ತುಲ ರಸ್ತೆಯ ಬದಿಯಲ್ಲಿ ಒಂದು ಗೋಣಿಮರ ಉರುಳಿದಾಗ ಅದರ ಲೆಕ್ಕಕ್ಕೆ ಹತ್ತು ಮಹಾಗನಿಗಳನ್ನು ನೆಟ್ಟರೂ ಈ ಹಕ್ಕಿಗೆ ಒಂದು ತುತ್ತೂ ದೊರೆಯದು. ಅರಳಿಗೆ ಅರಳಿಯೇ, ಗೋಣಿಗೆ ಗೋಣಿಯೇ ಬದಲಾಗಬೇಕೆಂದು ಆ ಕಾಯಿದೆಯ ವೃಕ್ಷಾಧಿಕಾರಿಗಳು ಪಟ್ಟುಹಿಡಿಯಬೇಕು. ಊರ ಅರಳಿಕಟ್ಟೆಗಳನ್ನು ರಸ್ತೆಯ ನಕ್ಷೆ ಬಳಸಿಕೊಂಡು ಹೋಗಬೇಕು. ಇಂತಹ ಮರಗಳನ್ನು ನೆಡುವುದು ದುಬಾರಿಯ ಕಾರ್ಯವಲ್ಲ: ತೋಳುಗಾತ್ರದ ಆಲದ ಕೊಂಬೆಯನ್ನು ಮಳೆಯ ಮೊದಲಲ್ಲಿ ಹೂಳಿದರೆ ಅದು ತಾನಾಗಿ ಚಿಗುರುತ್ತದೆ, ಮತ್ತು ದೊಡ್ಡನೆಕ್ಕುಂದಿ ಕೆರೆಯ ಸುತ್ತ ಅಂತಹ ಕೆಲವಕ್ಕಾದರೂ ಸ್ಥಳವಿದೆ.