ಮದರ್‌ಬೋರ್ಡ್ ಬದಲಾವಣೆ: ಹೊಂದಾಣಿಕೆಯ ಹೊಣೆ ಯಾರದು?

ಬೆಂಗಳೂರಿನ ಎಸ್.ಪಿ. ರಸ್ತೆಯ ಗಣಕಯಂತ್ರ ವರ್ತಕರಿಗೆ ಚಿರಪರಿಚಿತನಾದ ಒಬ್ಬ ಗ್ರಾಹಕನಿದ್ದಾನೆ. ಆತನ ಮನೆಯಲ್ಲಿ ಏಳೆಂಟು ವರ್ಷ ಹಳೆಯದಾದ ಗೇಮಿಂಗ್ ಕಂಪ್ಯೂಟರ್ ಇರುತ್ತದೆ. ಕ್ಯಾಬಿನೆಟ್, ಎಸ್‌ಎಂಪಿಎಸ್, ಗ್ರಾಫಿಕ್ಸ್ ಕಾರ್ಡ್ ಎಲ್ಲವೂ ಸುಸ್ಥಿತಿಯಲ್ಲಿರುತ್ತವೆ. ಪ್ರೊಸೆಸರ್ ಮತ್ತು ಮದರ್‌ಬೋರ್ಡ್‌ಗಳನ್ನು ಮಾತ್ರ ಬದಲಾಯಿಸಬೇಕಾಗಿರುತ್ತದೆ. ಅಂತರ್ಜಾಲದಲ್ಲಿ ಕಂಡ ಬೆಲೆಯನ್ನು ಮೊಬೈಲ್‌ನಲ್ಲಿ ತೋರಿಸಿ ಚೌಕಾಸಿ ಮಾಡುತ್ತಾನೆ, ಒಂದನ್ನು ಇಲ್ಲಿ, ಇನ್ನೊಂದನ್ನು ಮತ್ತೊಂದೆಡೆ ಕೊಳ್ಳುತ್ತಾನೆ. ವಾರ ಕಳೆಯುವುದರೊಳಗೆ ಅದೇ ಪೆಟ್ಟಿಗೆಯನ್ನು ಹಿಡಿದು ಮರಳುತ್ತಾನೆ. ಪಂಖ ತಿರುಗುತ್ತದೆ, ದೀಪ ಉರಿಯುತ್ತದೆ, ಪರದೆಯ ಮೇಲೆ ಮಾತ್ರ ಏನೂ ಮೂಡುವುದಿಲ್ಲ. ಬೋರ್ಡ್ ಸರಿಯಿದೆ ಎಂದು ಒಬ್ಬರು, ಪ್ರೊಸೆಸರ್ ಸರಿಯಿದೆ ಎಂದು ಮತ್ತೊಬ್ಬರು ಹೇಳುತ್ತಾರೆ. ಇಬ್ಬರ ಮಾತೂ ನಿಜವಾಗಿರುತ್ತದೆ. ನಷ್ಟ ಮಾತ್ರ ಗ್ರಾಹಕನ ಪಾಲಿಗೆ ಉಳಿಯುತ್ತದೆ.

ಬಿಡಿಭಾಗಗಳ ವ್ಯಾಪಾರದಲ್ಲಿ ಇದು ಸಣ್ಣ ವಿಷಯವೆಂದು ತೋರಬಹುದು. ಆದರೆ ಸಣ್ಣ ವರ್ತಕರ ಭವಿಷ್ಯ ಇದರಲ್ಲಿಯೇ ಅಡಗಿದೆ ಎಂಬುದನ್ನು ಗಮನಿಸಬೇಕು. 1997ರ ಮಾಹಿತಿ ತಂತ್ರಜ್ಞಾನ ಒಪ್ಪಂದಕ್ಕೆ ಭಾರತವು ಸಹಿ ಹಾಕಿದ ಫಲವಾಗಿ ಗಣಕಯಂತ್ರ ಹಾಗೂ ಅದರ ಬಿಡಿಭಾಗಗಳ ಮೇಲಿನ ಮೂಲ ಆಮದು ಸುಂಕವು 2005ರ ಹೊತ್ತಿಗೆ ಹಂತಹಂತವಾಗಿ ಶೂನ್ಯಕ್ಕಿಳಿಯಿತು. 2017ರ ಜುಲೈನಲ್ಲಿ ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದ ಮೇಲೆ ಪ್ರೊಸೆಸರ್, ಮದರ್‌ಬೋರ್ಡ್‌ಗಳಿಗೆ ದೇಶದಾದ್ಯಂತ ಶೇ. 18ರ ಒಂದೇ ದರ ನಿಗದಿಯಾಯಿತು. ಒಂದು ರಾಜ್ಯದ ತೆರಿಗೆ ಮತ್ತೊಂದು ರಾಜ್ಯದ ತೆರಿಗೆಗಿಂತ ಕಡಿಮೆಯೆಂಬ ಅನುಕೂಲವಾಗಲಿ, ಸುಂಕದ ಲೆಕ್ಕಾಚಾರದ ಜಾಣ್ಮೆಯಾಗಲಿ ಇನ್ನು ಯಾರಿಗೂ ಇಲ್ಲ. ದೊಡ್ಡ ಪ್ರಮಾಣದಲ್ಲಿ ಖರೀದಿಸುವವನು ಕಡಿಮೆ ಬೆಲೆಗೆ ಮಾರಬಲ್ಲನು. ಹೀಗಾಗಿ ಬೆಲೆಯೊಂದನ್ನೇ ನಂಬಿ ಸ್ಪರ್ಧಿಸುವ ಸಣ್ಣ ಅಂಗಡಿಗೆ ಉಳಿಗಾಲ ಕಷ್ಟ. ಅಂತರ್ಜಾಲದ ಮಳಿಗೆಯು ಪೆಟ್ಟಿಗೆಯನ್ನು ಮನೆ ಬಾಗಿಲಿಗೆ ತಲುಪಿಸಬಲ್ಲದು. ಪೆಟ್ಟಿಗೆಯೊಳಗಿನ ವಸ್ತು ಮನೆಯಲ್ಲಿರುವ ಯಂತ್ರಕ್ಕೆ ಹೊಂದುತ್ತದೆಯೇ ಎಂಬುದಕ್ಕೆ ಅದು ಹೊಣೆಯಾಗುವುದಿಲ್ಲ. ಎಸ್.ಪಿ. ರಸ್ತೆಯ ವರ್ತಕನು ಮಾರಬಹುದಾದದ್ದು ಆ ಹೊಣೆಯನ್ನೇ.

ಹೊಂದಾಣಿಕೆಯೆಂಬುದು ಹೊರನೋಟಕ್ಕೆ ಕಾಣುವಷ್ಟು ಸರಳವಲ್ಲ. ಇಂಟೆಲ್ ಕಂಪನಿಯು 2015ರಲ್ಲಿ ಆರನೆಯ ಪೀಳಿಗೆಯ ಪ್ರೊಸೆಸರ್‌ಗಳೊಂದಿಗೆ ಎಲ್‌ಜಿಎ 1151 ಎಂಬ ಸಾಕೆಟ್ ತಂದಿತು. 2017ರ ಕೊನೆಯಲ್ಲಿ ಬಂದ ಎಂಟನೆಯ ಪೀಳಿಗೆಗೂ ಸಾಕೆಟ್‌ನ ಹೆಸರು ಅದೇ. ಪಿನ್‌ಗಳ ಸಂಖ್ಯೆಯೂ ಅದೇ. ಆದರೂ ಹಳೆಯ 100 ಅಥವಾ 200 ಸರಣಿಯ ಬೋರ್ಡ್‌ನಲ್ಲಿ ಎಂಟನೆಯ ಪೀಳಿಗೆಯ ಪ್ರೊಸೆಸರ್ ಕೆಲಸ ಮಾಡುವುದಿಲ್ಲ. ಸಾಕೆಟ್‌ನ ಹೆಸರು ನೋಡಿ ಕೊಂಡವರು ಮೋಸ ಹೋದರು. ಮಾರಿದವರಲ್ಲಿಯೂ ಎಷ್ಟೋ ಮಂದಿಗೆ ಈ ಸಂಗತಿ ತಿಳಿದಿರಲಿಲ್ಲ ಎಂಬುದನ್ನು ಒಪ್ಪಿಕೊಳ್ಳದೆ ವಿಧಿಯಿಲ್ಲ. ಇದಕ್ಕೆ ವ್ಯತಿರಿಕ್ತವಾದದ್ದು ಎಎಂಡಿ ಕಂಪನಿಯ ಎಎಂ4 ಸಾಕೆಟ್. 2017ರಲ್ಲಿ ಮೊದಲ ರೈಜನ್‌ನೊಂದಿಗೆ ಕೊಂಡ ಬೋರ್ಡ್‌ನಲ್ಲಿ, ಬೋರ್ಡ್ ತಯಾರಕರು ಸೂಕ್ತ ಬಯೋಸ್ ಒದಗಿಸಿದ್ದರೆ, 2022ರ ಏಪ್ರಿಲ್‌ನಲ್ಲಿ ಬಂದ ರೈಜನ್ 7 5800ಎಕ್ಸ್3ಡಿ ಕೂಡ ಕೂರುತ್ತದೆ. ಇದು ತಾನಾಗಿ ಒದಗಿದ ಸೌಲಭ್ಯವಲ್ಲ. 2020ರ ಮೇ ತಿಂಗಳಲ್ಲಿ ಆ ಕಂಪನಿಯು 400 ಸರಣಿಯ ಚಿಪ್‌ಸೆಟ್‌ಗಳಿಗೆ ಮುಂದಿನ ಪೀಳಿಗೆಯ ಬೆಂಬಲವಿಲ್ಲವೆಂದು ಪ್ರಕಟಿಸಿತ್ತು. ಗ್ರಾಹಕರಿಂದ ತೀವ್ರ ಆಕ್ಷೇಪ ಬಂದುದರಿಂದ ಕೆಲವೇ ದಿನಗಳಲ್ಲಿ ಆ ನಿರ್ಧಾರವನ್ನು ಹಿಂತೆಗೆದುಕೊಂಡಿತು. ಅಂಥ ಬೋರ್ಡ್ ಇರುವ ಗ್ರಾಹಕನಿಗೆ ಹೊಸ ಮದರ್‌ಬೋರ್ಡ್ ಮಾರುವುದು ವ್ಯಾಪಾರವಾದೀತು, ಪ್ರಾಮಾಣಿಕ ಸಲಹೆಯಾಗದು.

ಮೆಮೊರಿಯ ವಿಷಯ ಇನ್ನೂ ಸೂಕ್ಷ್ಮವಾದುದು. 2022ರ ಸೆಪ್ಟೆಂಬರ್‌ನಲ್ಲಿ ಬಂದ ಎಎಂ5 ಸಾಕೆಟ್‌ಗೆ ಡಿಡಿಆರ್5 ಮೆಮೊರಿಯೇ ಬೇಕು. ಇಂಟೆಲ್‌ನ ಎಲ್‌ಜಿಎ 1700 ಸಾಕೆಟ್‌ನ ಬೋರ್ಡ್‌ಗಳು ಡಿಡಿಆರ್4 ಮತ್ತು ಡಿಡಿಆರ್5 ಎರಡು ಬಗೆಯಲ್ಲಿಯೂ ಬಂದವು. ಕೆಲವು ಮಾದರಿಗಳಲ್ಲಿ ಹೆಸರಿನ ಕೊನೆಯಲ್ಲಿರುವ ‘ಡಿ4’ ಎಂಬ ಗುರುತೊಂದೇ ವ್ಯತ್ಯಾಸವನ್ನು ಸೂಚಿಸುತ್ತದೆ. ಆ ಗುರುತನ್ನು ಗಮನಿಸದೆ ಕೊಂಡರೆ ಹಳೆಯ ರ‍್ಯಾಮ್ ಹೊಸ ಸ್ಲಾಟ್‌ನಲ್ಲಿ ಕೂರುವುದೇ ಇಲ್ಲ. ಹಿಂದೆ ಈ ತಪ್ಪಿನ ಬೆಲೆ ಅಷ್ಟಕ್ಕಷ್ಟೇ ಆಗಿತ್ತು. 2025ರ ಕೊನೆಯ ತಿಂಗಳುಗಳಲ್ಲಿ ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಬೇಡಿಕೆಯಿಂದಾಗಿ ಮೆಮೊರಿ ಬೆಲೆ ಏರಿ, ಡಿಡಿಆರ್5 ಮಾಡ್ಯೂಲ್‌ಗಳ ದರ ಜಾಗತಿಕ ಮಾರುಕಟ್ಟೆಯಲ್ಲಿ ದುಪ್ಪಟ್ಟನ್ನೂ ಮೀರಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಮೈಕ್ರಾನ್ ಕಂಪನಿಯು ಕ್ರೂಷಿಯಲ್ ಹೆಸರಿನ ತನ್ನ ಗೃಹಬಳಕೆಯ ವ್ಯಾಪಾರದಿಂದ ಹೊರನಡೆಯುವುದಾಗಿ ಪ್ರಕಟಿಸಿತು. ಇಂಥ ಸನ್ನಿವೇಶದಲ್ಲಿ ಗ್ರಾಹಕನ ಬಳಿಯಿರುವ ಹಳೆಯ ಡಿಡಿಆರ್4 ಮೆಮೊರಿಯನ್ನು ಉಳಿಸಿಕೊಡುವ ಬೋರ್ಡ್ ಯಾವುದೆಂದು ಹೇಳಬಲ್ಲ ವರ್ತಕನು ಆತನಿಗೆ ಯಾವ ರಿಯಾಯಿತಿಗಿಂತಲೂ ಹೆಚ್ಚಿನ ಉಳಿತಾಯ ಮಾಡಿಕೊಟ್ಟಂತೆ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು. ಸ್ಥೂಲವಾಗಿ ಹೇಳುವುದಾದರೆ ಇಂಟೆಲ್‌ನ ಎಂಟನೆಯ ಪೀಳಿಗೆ ಅಥವಾ ರೈಜನ್ 2000 ಸರಣಿಯ ನಂತರದ ಪ್ರೊಸೆಸರ್ ಬೇಕು. ಏಳನೆಯ ಪೀಳಿಗೆಯ ಯಂತ್ರವುಳ್ಳವರಿಗೆ ಬೋರ್ಡ್ ಬದಲಾವಣೆ ಅನಿವಾರ್ಯವೆನ್ನಬಹುದು. ಆದರೆ ಅರ್ಹ ಪ್ರೊಸೆಸರ್ ಇದ್ದೂ ಯಂತ್ರವು ವಿಂಡೋಸ್ 11 ಅನ್ನು ತಿರಸ್ಕರಿಸುವ ಪ್ರಕರಣಗಳಿವೆ. ಅಲ್ಲಿ ಟಿಪಿಎಂ ಸೌಲಭ್ಯವು ಬಯೋಸ್‌ನಲ್ಲಿ ಸುಪ್ತವಾಗಿರುತ್ತದೆ, ಅಷ್ಟೆ. ಅದನ್ನು ಚಾಲನೆಗೊಳಿಸಲು ಐದು ನಿಮಿಷ ಸಾಕು. ಐದು ನಿಮಿಷದ ಕೆಲಸಕ್ಕೆ ಬದಲಾಗಿ ಹೊಸ ಬೋರ್ಡ್ ಮಾರಿದ ಅಂಗಡಿಗೆ ಆ ಗ್ರಾಹಕ ಮತ್ತೆ ಬರುವನೇ?

ಬದಲಾವಣೆಯ ಅಗತ್ಯವನ್ನು ಪರೀಕ್ಷಿಸುವ ವಿಧಾನವೂ ಕಠಿಣವಲ್ಲ. ಆಟ ನಡೆಯುತ್ತಿರುವಾಗ ಗ್ರಾಫಿಕ್ಸ್ ಕಾರ್ಡ್‌ನ ಬಳಕೆ ಶೇ. 95ರ ಮೇಲಿದ್ದರೆ ಪ್ರೊಸೆಸರ್ ಬದಲಿಸಿ ಹೆಚ್ಚಿನ ಪ್ರಯೋಜನವಿಲ್ಲ, ದುಡಿಯುತ್ತಿರುವುದು ಕಾರ್ಡ್. ಆ ಬಳಕೆ ಶೇ. 60ರ ಆಸುಪಾಸಿನಲ್ಲಿದ್ದು ಆಟ ತಡವರಿಸುತ್ತಿದ್ದರೆ ಪ್ರೊಸೆಸರ್‌ನ ಮೇಲೆ ಸಂಶಯಪಡಬಹುದು. ಅಂಗಡಿಗೆ ಬರುವ ಮುನ್ನ ಈ ಒಂದು ಅಂಕಿಯನ್ನು ನೋಡಿಕೊಂಡು ಬನ್ನಿರೆಂದು ದೂರವಾಣಿಯಲ್ಲಿ ಹೇಳುವ ವರ್ತಕರು ಎಷ್ಟು ಮಂದಿ?

ಜೋಡಣೆಯ ಹಂತದಲ್ಲಿನ ಅಪಾಯಗಳು ಬೇರೆ. ಇಂಟೆಲ್‌ನ ಸಾಕೆಟ್‌ಗಳಲ್ಲಿಯೂ ಎಎಂ5ರಲ್ಲಿಯೂ ಪಿನ್‌ಗಳಿರುವುದು ಬೋರ್ಡ್‌ನ ಮೇಲೆ. ಕೂದಲೆಳೆಯಂಥ ಒಂದು ಪಿನ್ ಬಾಗಿದರೂ ‘ಭೌತಿಕ ಹಾನಿ’ಯ ಹೆಸರಿನಲ್ಲಿ ವಾರಂಟಿ ನಿರಾಕರಿಸಲ್ಪಡುತ್ತದೆ. ಎಲ್‌ಜಿಎ 1700 ಬೋರ್ಡ್‌ನಲ್ಲಿ ಕೂಲರ್ ಕೂರಿಸುವ ರಂಧ್ರಗಳ ಅಂತರ 78 ಮಿಲಿಮೀಟರ್. ಅದರ ಹಿಂದಿನ ಬೋರ್ಡ್‌ಗಳಲ್ಲಿ 75. ಹಳೆಯ ಕೂಲರ್‌ಗೆ ಹೊಸ ಬ್ರಾಕೆಟ್ ಬೇಕು. ಯಂತ್ರದೊಂದಿಗೆ ಬಂದ ಒಇಎಂ ವಿಂಡೋಸ್ ಪರವಾನಗಿಯು ಹಳೆಯ ಮದರ್‌ಬೋರ್ಡ್‌ಗೆ ಬದ್ಧವಾಗಿರುತ್ತದೆ. ಹೊಸ ಬೋರ್ಡ್‌ಗೆ ಅದು ವರ್ಗವಾಗುವುದಿಲ್ಲ. ಎಲ್ಲಕ್ಕಿಂತ ದೊಡ್ಡ ಅಪಾಯ ಬಿಟ್‌ಲಾಕರ್‌ನದು. ಡಿಸ್ಕ್ ಗೂಢಲಿಪೀಕರಣಗೊಂಡಿದ್ದರೆ ಬೋರ್ಡ್ ಬದಲಾದೊಡನೆ ಯಂತ್ರವು 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಅದು ಸಿಗದಿದ್ದರೆ ಮನೆಯವರ ಹತ್ತು ವರ್ಷದ ಛಾಯಾಚಿತ್ರಗಳೂ ಕೈತಪ್ಪಿದಂತೆಯೇ. ಆಟಕ್ಕಾಗಿ ಯಂತ್ರ ಬದಲಿಸಲು ಬಂದ ಹುಡುಗನಿಗೆ ಇದು ತಿಳಿದಿರಬೇಕೆಂದು ನಿರೀಕ್ಷಿಸುವುದು ಸಮಂಜಸವಲ್ಲ. ಸ್ಕ್ರೂಡ್ರೈವರ್ ಹಿಡಿದವನಿಗೆ ತಿಳಿದಿರಲೇಬೇಕು.

ಆದ್ದರಿಂದ ಬಿಡಿಭಾಗ ವರ್ತಕರು ಒಗ್ಗೂಡಿ ಒಂದು ಸರಳ ಪದ್ಧತಿಯನ್ನು ರೂಢಿಗೆ ತರುವುದು ಅಪೇಕ್ಷಣೀಯ. ಪ್ರೊಸೆಸರ್, ಬೋರ್ಡ್, ಮೆಮೊರಿ ಮೂರನ್ನೂ ಒಂದೇ ಅಂಗಡಿಯಲ್ಲಿ ಕೊಂಡು ಅಲ್ಲಿಯೇ ಜೋಡಿಸಿದರೆ ಅವು ಪರಸ್ಪರ ಹೊಂದುತ್ತವೆಂದೂ, ಬಯೋಸ್‌ನ ಇಂಥ ಆವೃತ್ತಿ ಅಳವಡಿಸಲಾಗಿದೆಯೆಂದೂ, ಸಾಕೆಟ್‌ನ ಪಿನ್‌ಗಳನ್ನು ಗ್ರಾಹಕನ ಎದುರಿನಲ್ಲಿಯೇ ಪರೀಕ್ಷಿಸಲಾಗಿದೆಯೆಂದೂ ಬಿಲ್ಲಿನ ಮೇಲೆ ಬರೆದುಕೊಡಬೇಕು. ಪ್ರೊಸೆಸರ್ ಪೆಟ್ಟಿಗೆಯದೋ ಟ್ರೇಯದೋ ಎಂಬುದನ್ನೂ ನಮೂದಿಸಬೇಕು. ಇಂಟೆಲ್‌ನ ಟ್ರೇ ಪ್ರೊಸೆಸರ್‌ಗೆ ವಾರಂಟಿ ದೊರೆಯುವುದು ಮಾರಿದವರ ಮೂಲಕವೇ ಹೊರತು ಕಂಪನಿಯಿಂದ ನೇರವಾಗಿ ಅಲ್ಲ. 2024ರಲ್ಲಿ 13 ಮತ್ತು 14ನೆಯ ಪೀಳಿಗೆಯ ಕೆಲವು ಪ್ರೊಸೆಸರ್‌ಗಳಲ್ಲಿ ಅಸ್ಥಿರತೆಯ ದೋಷ ಕಂಡುಬಂದು ಇಂಟೆಲ್ ಎರಡು ವರ್ಷಗಳ ಹೆಚ್ಚುವರಿ ವಾರಂಟಿ ಘೋಷಿಸಿದಾಗ ಈ ಭೇದದ ಮಹತ್ವ ಅನೇಕರಿಗೆ ಅರಿವಾಯಿತು. ಈ ಸೇವೆಗೆ ಪ್ರತ್ಯೇಕ ಶುಲ್ಕವಿರಲಿ, ಮತ್ತು ಅದು ಬಿಲ್ಲಿನಲ್ಲಿ ಕಾಣುವಂತಿರಲಿ.

ಗ್ರಾಹಕರು ಜೋಡಣೆಗೆ ಹಣ ಕೊಡುವುದಿಲ್ಲವೆಂಬುದು ವರ್ತಕರ ಸಾಮಾನ್ಯ ಆಕ್ಷೇಪ. ದಶಕಗಳ ಕಾಲ ಅದನ್ನು ಪುಕ್ಕಟೆಯಾಗಿ ಮಾಡಿಕೊಟ್ಟವರು ಯಾರು? ಪುಕ್ಕಟೆ ಕೆಲಸಕ್ಕೆ ಹೊಣೆಯೂ ಇರಲಿಲ್ಲ, ಆದ್ದರಿಂದ ಬೆಲೆಯೂ ಹುಟ್ಟಲಿಲ್ಲ. ಬೇರೆಡೆ ಕೊಂಡ ಭಾಗಗಳನ್ನು ಜೋಡಿಸಲು ತಂದವರಿಗೆ ಶುಲ್ಕ ಪಡೆದು, ಹೊಂದಾಣಿಕೆಯ ಭರವಸೆಯಿಲ್ಲವೆಂದು ಮೊದಲೇ ಬರೆದುಕೊಟ್ಟರೆ ಜಗಳಕ್ಕೆ ಎಡೆಯಿರುವುದಿಲ್ಲ. ಆ ವ್ಯತ್ಯಾಸವನ್ನು ನೋಡಿಯೇ ಕೆಲವರು ಮುಂದಿನ ಸಲ ಇಲ್ಲಿಯೇ ಕೊಂಡಾರು. ಹೊಸ ಬೋರ್ಡ್‌ಗಳು ತಿಂಗಳುಗಟ್ಟಲೆ ಗೋದಾಮಿನಲ್ಲಿ ಕುಳಿತು ಹಳೆಯ ಬಯೋಸ್‌ನೊಂದಿಗೆ ಅಂಗಡಿಗೆ ಬರುವುದರಿಂದ, ಆ ನವೀಕರಣದ ಒಂದು ಪಾಲು ವೆಚ್ಚವನ್ನು ವಿತರಕರೂ ಭರಿಸುವುದು ನ್ಯಾಯ. ಇದನ್ನು ಒಬ್ಬೊಬ್ಬ ವರ್ತಕ ಕೇಳಿದರೆ ಫಲವಿಲ್ಲ. ವಾಣಿಜ್ಯ ಸಂಸ್ಥೆಗಳ ಮೂಲಕ ಕೇಳಬೇಕು.

ತೆಗೆದುಹಾಕಿದ ಹಳೆಯ ಜೋಡಿಯ ವಿಷಯದಲ್ಲಿಯೂ ವರ್ತಕರಿಗೆ ಅವಕಾಶವಿದೆ. ಬಳಸಿದ ವಸ್ತುಗಳನ್ನು ಕೊಂಡು ಮಾರುವ ನೋಂದಾಯಿತ ವರ್ತಕನು ಕೇಂದ್ರ ಜಿಎಸ್‌ಟಿ ನಿಯಮ 32(5)ರ ಅನ್ವಯ ಲಾಭಾಂಶದ ಮೇಲೆ ಮಾತ್ರ ತೆರಿಗೆ ಕಟ್ಟಬಹುದು. ಖರೀದಿಯ ಮೇಲೆ ಹೂಡುವಳಿ ತೆರಿಗೆ ಜಮೆ ಪಡೆದಿರಬಾರದು, ವಸ್ತುವಿನ ಸ್ವರೂಪವೂ ಬದಲಾಗಿರಬಾರದು. ಉದಾಹರಣೆಗೆ, 4,000 ರೂಪಾಯಿಗೆ ಕೊಂಡ ಹಳೆಯ ಪ್ರೊಸೆಸರ್ ಮತ್ತು ಬೋರ್ಡ್ ಅನ್ನು ತೆರಿಗೆ ಹೊರತುಪಡಿಸಿ 5,500 ರೂಪಾಯಿಗೆ ಮಾರಿದರೆ ತೆರಿಗೆ 1,500 ರೂಪಾಯಿಯ ಮೇಲೆ, ಅಂದರೆ 270 ರೂಪಾಯಿ; ಪೂರ್ಣ ಬೆಲೆಯ ಮೇಲಾದರೆ 990 ರೂಪಾಯಿ. ದುರಸ್ತಿ ಮಾಡಿ ನವೀಕರಿಸಿ ಮಾರುವುದಾದರೆ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ನೋಂದಣಿ ಬೇಕು. ಹಳೆಯದಕ್ಕೆ ತಕ್ಕ ಬೆಲೆ ಸಿಕ್ಕರೆ ಹೊಸ ಜೋಡಿಗೆ ಗ್ರಾಹಕನ ಜೇಬಿನಿಂದ ಹೋಗುವ ಹಣ ಅಷ್ಟು ಕಡಿಮೆಯಾಗುತ್ತದೆ, ಮತ್ತು ಆ ವ್ಯವಹಾರ ಅದೇ ಕೌಂಟರ್‌ನಲ್ಲಿ ಮುಗಿಯುತ್ತದೆ.