ಹಳೆಯ ಆಟಯಂತ್ರ, ಕನ್ನಡದ ಒತ್ತಕ್ಷರ ಮತ್ತು ವೀರಗಲ್ಲಿನ ಪಟ್ಟಿಕೆ

ಅನುವಾದ ಅಧ್ಯಯನವೆಂದರೆ ಕಾವ್ಯ, ನಾಟಕ, ಕಾದಂಬರಿಗಳ ಅನುವಾದದ ಅಧ್ಯಯನ ಎಂಬ ಗ್ರಹಿಕೆ ಕನ್ನಡ ವಿಭಾಗಗಳಲ್ಲಿ ಬಲವಾಗಿ ಬೇರೂರಿದೆ. ಸಿನಿಮಾ ಡಬ್ಬಿಂಗ್ ಕುರಿತ ವಾಗ್ವಾದ ದಶಕಗಳ ಕಾಲ ನಡೆದು 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗದ ಆದೇಶದವರೆಗೂ ಮುಟ್ಟಿತು. ವಿಡಿಯೋ ಗೇಮುಗಳ ಭಾಷೆಯಾದರೋ ಅಂತಹ ಪರ-ವಿರೋಧದ ಭಾಗ್ಯವನ್ನೂ ಕಾಣಲಿಲ್ಲ.

ಜಪಾನಿನ ನಿಂಟೆಂಡೊ ಕಂಪನಿ 1983ರಲ್ಲಿ ಹೊರತಂದ ಫ್ಯಾಮಿಕಾಮ್ ಆಟಯಂತ್ರದ ಅಗ್ಗದ ನಕಲುಗಳು 1990ರ ದಶಕದಲ್ಲಿ ಕರ್ನಾಟಕದ ಸಣ್ಣ ಪಟ್ಟಣಗಳಿಗೂ ಬಂದವು. ಬಂದವು ಬಹುಮಟ್ಟಿಗೆ ಜಿಗಿಯುವ, ಗುಂಡು ಹಾರಿಸುವ ಆಟಗಳು. ಓದಿಕೊಂಡು ಆಡಬೇಕಾದ ಕಥನಪ್ರಧಾನ ಆಟಗಳಲ್ಲ. ಅಂತಹ ಆಟಗಳಲ್ಲಿ ಎಷ್ಟೋ ಇಂಗ್ಲಿಷಿಗೂ ಬಂದಿರಲಿಲ್ಲ. ಅವನ್ನು ತಂದವರು ಕಂಪನಿಗಳಲ್ಲ, ಆಟಪ್ರಿಯರು. 1992ರ 'ಫೈನಲ್ ಫ್ಯಾಂಟಸಿ 5' ಆಟವನ್ನು ಹವ್ಯಾಸಿಗಳು 1998ರ ವೇಳೆಗೆ ಪೂರ್ಣವಾಗಿ ಇಂಗ್ಲಿಷಿಗೆ ಅನುವಾದಿಸಿದರು. ಅಧಿಕೃತ ಇಂಗ್ಲಿಷ್ ಆವೃತ್ತಿ ಬಂದದ್ದು 1999ರಲ್ಲಿ. 2006ರ 'ಮದರ್ 3' 2008ರಲ್ಲಿ ಇದೇ ರೀತಿ ಅನುವಾದಗೊಂಡಿತು. ಕನ್ನಡಕ್ಕೆ ಈ ಕೆಲಸ ಸಾಧ್ಯವೇ ಎಂಬುದು ಇಲ್ಲಿನ ಪ್ರಶ್ನೆ.

ಮೊದಲ ತೊಡಕು ಲಿಪಿಯದು. ಫ್ಯಾಮಿಕಾಮ್ ಪರದೆಯ ಅಗಲ 256 ಬಿಂದುಗಳು. ಒಂದೊಂದು ಅಕ್ಷರಕ್ಕೆ 8 ಬಿಂದು ಅಗಲ, 8 ಬಿಂದು ಎತ್ತರದ ಒಂದು ಮನೆ. ಸಾಲಿಗೆ 32 ಮನೆಗಳು. ಹಿನ್ನೆಲೆಯ ಚಿತ್ರಕ್ಕೂ ಅಕ್ಷರಕ್ಕೂ ಸೇರಿ ಒಮ್ಮೆಗೆ ಸಿಗುವ ಅಚ್ಚುಗಳು ಸಾಮಾನ್ಯವಾಗಿ 256 ಮಾತ್ರ. ಕನ್ನಡದ 34 ವ್ಯಂಜನಗಳ ಕಾಗುಣಿತವೇ 400ನ್ನು ಮೀರುತ್ತದೆ. ಒತ್ತಕ್ಷರಗಳ ಮಾತು ಬೇರೆ. ಆದ್ದರಿಂದ ಹಳೆಯ ಅಚ್ಚುಮೊಳೆಯವರೂ ಬೆರಳಚ್ಚಿನವರೂ ಮಾಡಿದಂತೆ ಅಕ್ಷರವನ್ನು ಬಿಡಿಸಿಕೊಳ್ಳಬೇಕು: ಮೂಲಾಕ್ಷರ ಒಂದು ಮನೆ, ದೀರ್ಘ ಪಕ್ಕದ ಮನೆ, ಒತ್ತು ಕೆಳಗಿನ ಮನೆ. ಮ, ಯ, ಝಗಳಿಗೆ ಎರಡು ಮನೆ ಕೊಡದೆ ವಿಧಿಯಿಲ್ಲ. ಒಂದು ಅನುಕೂಲವೂ ಉಂಟು. ಜಪಾನಿ ಲಿಪಿಯಲ್ಲಿ ಉಚ್ಚಾರಭೇದ ಸೂಚಿಸುವ ಚುಕ್ಕೆಗಳನ್ನು ಹಲವು ಆಟಗಳು ಅಕ್ಷರದ ಮೇಲಿನ ಮನೆಯಲ್ಲಿ ಇರಿಸುತ್ತಿದ್ದವು. ಹೀಗಾಗಿ ಎರಡು ಸಾಲುಗಳ ನಡುವೆ ಒಂದು ಮನೆಯಷ್ಟು ತೆರವು ಮೊದಲೇ ಇದೆ. ಕನ್ನಡದ ಒತ್ತು ಅಲ್ಲಿ ಕೂರಬಲ್ಲದು.

ಎರಡನೆಯ ತೊಡಕು ನುಡಿಯದು. ಇದೇ ಹೆಚ್ಚು ಗಂಭೀರವಾದುದು. ಇಂಗ್ಲಿಷ್ ಆವೃತ್ತಿಯನ್ನು ಮುಂದಿಟ್ಟುಕೊಂಡು ನಿಘಂಟಿನಿಂದ ಪದ ಹೆಕ್ಕಿದರೆ ಆಡಲಾಗದ ಕನ್ನಡ ಹುಟ್ಟುತ್ತದೆ. ಇಲ್ಲಿ ಶಿಕಾರಿಪುರ, ಸೊರಬ ಸೀಮೆಯ ಕಡೆ ನೋಡುವುದು ಉಚಿತ. ಬಿ.ಎಲ್. ರೈಸ್ ಸಂಪಾದಿಸಿದ 'ಎಪಿಗ್ರಾಫಿಯಾ ಕರ್ನಾಟಿಕಾ'ದ 1902ರ 7ನೆಯ ಸಂಪುಟದಲ್ಲಿ ಶಿಕಾರಿಪುರದ, 1904ರ 8ನೆಯ ಸಂಪುಟದಲ್ಲಿ ಸೊರಬದ ಶಾಸನಗಳಿವೆ. ಸೊರಬ ಸೀಮೆಯ ವೀರಗಲ್ಲುಗಳಲ್ಲಿ ಕೆಳಗೆ ಕಾಳಗ, ನಡುವೆ ಅಪ್ಸರೆಯರೊಡನೆ ಏರುವ ವೀರ, ಮೇಲೆ ದೇವಸನ್ನಿಧಿ. ಚಿತ್ರಗಳ ನಡುವಿನ ಕಿರಿದಾದ ಪಟ್ಟಿಕೆಯಲ್ಲಿ ಬರಹ. ಪಟ್ಟಿಕೆಯ ಅಳತೆಗೆ ಮಾತು ತಗ್ಗಬೇಕಾಗಿತ್ತು. ಯಾರು, ಯಾವ ಊರಿನಲ್ಲಿ, ಯಾವುದಕ್ಕಾಗಿ ಕಾದಿ ಮಡಿದ ಎಂಬಷ್ಟನ್ನು ಹೇಳಿ ರೂವಾರಿ ಉಳಿ ಇಡುತ್ತಿದ್ದ. ಆಟದ ಸಂಭಾಷಣೆಯ ಚೌಕಟ್ಟು ಬೇಡುವುದೂ ಇಂತಹ ಮಿತವನ್ನೇ.

ಪದಗಳೂ ಅಲ್ಲಿಯೇ ಇವೆ. ತುರುಗೋಳು, ಊರಳಿವು, ಹೆಣ್ಣುಬುಯ್ಯಲು: ದನಗಳನ್ನು ಅಟ್ಟಿಕೊಂಡು ಹೋಗುವುದು, ಊರು ಸುಡುವುದು, ಹೆಣ್ಣಿನ ಅಪಹರಣ. ಜಪಾನಿನ ಕಥನಾಟಗಳಲ್ಲಿ ನಾಯಕನನ್ನು ಮನೆಯಿಂದ ಹೊರಡಿಸುವ ಪ್ರಸಂಗಗಳಲ್ಲಿ ಎಷ್ಟೋ ಈ ಬಗೆಯವೇ. ದಾರಿಹೋಕರು ತಂಗುವ ಮನೆಗೆ 'ಇನ್' ಎಂದು ಬರೆಯುವ ಮೊದಲು ಛತ್ರ ಎಂಬ ಮಾತು ನೆನಪಾಗಬೇಕು. ಬಳ್ಳಿಗಾವಿಯ ಕೋಡಿಯಮಠವನ್ನು 1162ರ ಶಾಸನ ವ್ಯಾಕರಣಗಳ ವ್ಯಾಖ್ಯಾನಸ್ಥಾನವೆಂದೂ ದೀನರ, ಕುರುಡರ, ಕುಂಟರ ಅನ್ನಸ್ಥಾನವೆಂದೂ ಒಟ್ಟಿಗೇ ವರ್ಣಿಸುತ್ತದೆ. ಆಟದ ಮಠವೊಂದಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ಬೇಕಿಲ್ಲ. ಇದರರ್ಥ ಹಳಗನ್ನಡದಲ್ಲಿ ಅನುವಾದಿಸಬೇಕೆಂದಲ್ಲ. ಊರ ಹಿರಿಯ ಹುಡುಗನನ್ನು 'ತಮ್ಮಾ' ಎನ್ನಬೇಕು, ಗೆಳೆಯ 'ಮಾರಾಯಾ' ಎನ್ನಬೇಕು, ಹುಡುಗ ಹಿರಿಯನಿಗೆ 'ನೀವು' ಎನ್ನಬೇಕು. ಜಪಾನಿಯಲ್ಲಿ ಇರುವ ಈ ತಾರತಮ್ಯ ಇಂಗ್ಲಿಷಿನಲ್ಲಿ ಅಳಿದುಹೋಗುತ್ತದೆ. ಕನ್ನಡ ಅದನ್ನು ಮರಳಿ ಪಡೆಯಬಲ್ಲದು. ಇಂಗ್ಲಿಷಿನ ಮೂಲಕ ಅನುವಾದಿಸುವವರು ಪಾತ್ರಗಳ ವಯಸ್ಸು, ನಂಟುಗಳನ್ನು ಮೊದಲು ಗುರುತು ಮಾಡಿಕೊಳ್ಳಬೇಕಷ್ಟೆ.

ಚೆನ್ನೆಮಣೆ, ಚೌಕಾಬಾರ ಇರುವಾಗ ಜಪಾನಿನ ಆಟವೇಕೆ ಎಂಬ ಆಕ್ಷೇಪ ಬರಬಹುದು. ಒಂದು ಇನ್ನೊಂದನ್ನು ಕೊಲ್ಲುವುದೆಂಬುದಕ್ಕೆ ಆಧಾರ ಕಾಣದು. ಮಕ್ಕಳು ಪರದೆಯ ಆಟವನ್ನು ಹೇಗೂ ಆಡುತ್ತಿದ್ದಾರೆ. ಪ್ರಶ್ನೆ ಇರುವುದು ಯಾವ ನುಡಿಯಲ್ಲಿ ಎಂಬುದರಲ್ಲಿ. ಕಾನೂನಿನ ಆಕ್ಷೇಪ ಇದಕ್ಕಿಂತ ತೂಕದ್ದು. 1957ರ ಕೃತಿಸ್ವಾಮ್ಯ ಕಾಯಿದೆ ಅನುವಾದದ ಹಕ್ಕನ್ನೂ ಕೃತಿಯ ಒಡೆಯನಿಗೇ ಕೊಡುತ್ತದೆ. ಹವ್ಯಾಸಿಗಳು ಆಟವನ್ನು ಹಂಚದೆ, ಬದಲಾದ ಅಂಶಗಳಷ್ಟೇ ಇರುವ ತೇಪೆ ಕಡತವನ್ನು ಬಿಟ್ಟಿಯಾಗಿ ಹಂಚುವುದು ವಾಡಿಕೆ. ಇದು ಎಚ್ಚರಿಕೆಯ ಕ್ರಮವೇ ಹೊರತು ಪೂರ್ಣ ರಕ್ಷಣೆಯಲ್ಲ. ವಿಶ್ವವಿದ್ಯಾಲಯವೊಂದು ಕೈಹಾಕುವುದಾದರೆ ಒಡೆಯರ ಒಪ್ಪಿಗೆ ಕೇಳಿ, ಅಥವಾ ಈ ಯಂತ್ರಕ್ಕಾಗಿ ಇಂದಿಗೂ ಆಟ ರಚಿಸುತ್ತಿರುವ ಹವ್ಯಾಸಿಗಳ ಅನುಮತಿ ಪಡೆದು ಆರಂಭಿಸುವುದು ಲೇಸು. ಚಿಕ್ಕ ಆಟವೊಂದರ ಮಾತುಗಳು ಒಂದು ಸೆಮಿಸ್ಟರಿನ ಅನುವಾದ ಪತ್ರಿಕೆಗೆ ಸಾಲುವಷ್ಟಿರುತ್ತವೆ. ಸೊರಬ, ಶಿಕಾರಿಪುರಗಳ ಪದವಿ ವಿದ್ಯಾರ್ಥಿಗಳಿಗೆ ಅದನ್ನು ಒಪ್ಪಿಸಬಹುದು. ಒತ್ತಕ್ಷರದ ಅಚ್ಚುಗಳನ್ನು ಚೌಕುಳಿ ಹಾಳೆಯ ಮೇಲೆ ಬರೆದುಕೊಳ್ಳುವ ಕೆಲಸಕ್ಕೆ ಗಣಕವೂ ಬೇಡ.